ನೀರಿಗಿಳಿಯೋಣ ಬನ್ನಿ: ನೇತ್ರಾಣಿಯಿಂದ ಅಂಡಮಾನಿನವರೆಗೆ

(ಕೊಂಡಾಪುರದಲ್ಲಿ ನಡೆದ ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ತಿಂಗಳ ಕೂಟದಲ್ಲಿ ಪ್ರವಾಸದ ಬಗ್ಗೆ ಮಾತಾಡಿ ಅಂತ ಹೇಳಿದಾಗ ನಾನು ಒಂದು ಶರತ್ತು ಹಾಕಿದೆ. ಎಲ್ಲಿ ಇಳಿದುಕೊಂಡೆವು, ಊಟ ಹೇಗಿತ್ತು, ಎಷ್ಟು ಖರ್ಚಾಯಿತು ಎನ್ನುವುದನ್ನು ನಾನು ಹೆಚ್ಚು ಹೇಳುವುದಿಲ್ಲ. ಅದೆಲ್ಲ ಫೋನಿನಲ್ಲೇ ಸಿಗುತ್ತದೆ. ನಾನು ಹೇಳಬೇಕೆಂದಿರುವುದು ನಾವು ಹೆಂಗಸರು ಮತ್ತು ನೀರು, ಈ ಎರಡರ ನಡುವಿನ ಸಂಬಂಧದ ಬಗ್ಗೆ. ದ್ವೀಪಗಳ ಕಥೆ ಅದರ ಜೊತೆಯಲ್ಲೇ ಬರುತ್ತದೆ.

ನಾವಿರುವ ಕೊಂಡಾಪುರದಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ಮುಟ್ಟಲು ಮುನ್ನೂರು ಕಿಲೋಮೀಟರಿಗಿಂತ ಹೆಚ್ಚು ಹೋಗಬೇಕು. ನಮ್ಮ ಪಾಲಿಗೆ ದ್ವೀಪವೆಂದರೆ ಹುಸೇನ್ ಸಾಗರದ ಮಧ್ಯೆ ನಿಂತ ಬುದ್ಧ, ಕಾಡೆಂದರೆ ಇಲ್ಲೇ ಪಕ್ಕದ ಬೊಟಾನಿಕಲ್ ಗಾರ್ಡನ್. ಹಾಗಾಗಿ ವರ್ಷಕ್ಕೊಮ್ಮೆ ಗೋಕರ್ಣಕ್ಕೋ, ಗೋವಾಕ್ಕೋ, ವಿಶಾಖಪಟ್ಟಣಕ್ಕೋ ಹೋಗುತ್ತೇವೆ. ಹೋದಾಗ ಏನಾಗುತ್ತದೆ? ಗಂಡಸರು, ಮಕ್ಕಳು ನೀರಿಗೆ ಓಡುತ್ತಾರೆ. ನಾವು ಮರಳಿನ ಮೇಲೆ ಕೂತು ಚಪ್ಪಲಿ, ಫೋನು, ಪರ್ಸು, ಟವೆಲ್ಲು ಕಾಯುತ್ತೇವೆ. ಹೆಚ್ಚೆಂದರೆ ಸೀರೆ ಎತ್ತಿ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತು ಒಂದು ಫೋಟೋ ತೆಗೆಸಿಕೊಳ್ಳುತ್ತೇವೆ. ನಗುತ್ತಿದ್ದೀರಿ, ಅಂದರೆ ಇದು ನನ್ನೊಬ್ಬಳ ಅನುಭವ ಅಲ್ಲ.

ನನ್ನ ತವರು ಗದಗದ ಹತ್ತಿರದ ಒಂದು ಹಳ್ಳಿ, ಬಯಲುಸೀಮೆ. ದಸರಾ ಹತ್ತಿರ ಬಂದರೆ ಮನೆಯ ಕೌದಿಗಳನ್ನೆಲ್ಲ ಕೆರೆಗೆ ಒಯ್ದು ಒಗೆಯುವುದು ನಮ್ಮ ಕಡೆಯ ರೂಢಿ. ನನ್ನ ತಾಯಿಯ ಅಕ್ಕ, ನನಗೆ ದೊಡ್ಡವ್ವ ಆಗಬೇಕಾದವರು, ಹದಿಮೂರನೇ ವಯಸ್ಸಿನಲ್ಲಿ ಹಾಗೆ ಹೋದಾಗ ಕಾಲು ಜಾರಿ ಆಳಕ್ಕೆ ಬಿದ್ದರು. ನೀರು ಕುಡಿದ ಕೌದಿ ಎಷ್ಟು ಭಾರ ಅಂತ ಒಗೆದವರಿಗೆ ಗೊತ್ತು. ಕೈಯಲ್ಲಿದ್ದ ಕೌದಿ ಬಿಡಬೇಕೆಂದು ಆ ಮಗುವಿಗೆ ತೋಚಲಿಲ್ಲ. ದಂಡೆಯ ಮೇಲೆ ಇನ್ನೂ ಮೂರು ಹುಡುಗಿಯರಿದ್ದರು, ಒಬ್ಬರಿಗೂ ಈಜು ಬರುತ್ತಿರಲಿಲ್ಲ. ಆ ಮೂವರಲ್ಲಿ ಒಬ್ಬಳು ಒಂಬತ್ತು ವರ್ಷದ ನನ್ನ ಅವ್ವ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಾನೂನು ಬಂತು. ಹೆಣ್ಣುಮಕ್ಕಳು ನೀರಿನ ಹತ್ತಿರ ಹೋಗಬಾರದು. ಗಂಡುಮಕ್ಕಳಿಗೆ ಮಾತ್ರ ಈ ಕಾನೂನು ಇರಲಿಲ್ಲ. ನನ್ನ ಸೋದರಮಾವಂದಿರು, ಆಮೇಲೆ ನನ್ನ ಅಣ್ಣ, ತಮ್ಮ, ಎಲ್ಲರೂ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತರು. ಮುಳುಗಿದ್ದು ಒಬ್ಬಳು ಹುಡುಗಿ, ಈಜು ಕಲಿಸಿದ್ದು ಹುಡುಗರಿಗೆ. ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ನನಗೂ ಐವತ್ತು ದಾಟುವವರೆಗೆ ಅನ್ನಿಸಿರಲಿಲ್ಲ.

ಇಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈಜುಕೊಳ ಇದೆ. ನಿಮ್ಮ ಅನೇಕರ ಅಪಾರ್ಟ್‌ಮೆಂಟಿನಲ್ಲೂ ಇದೆ. ತಿಂಗಳು ತಿಂಗಳು ಮೇಂಟೆನೆನ್ಸ್ ಕಟ್ಟುವಾಗ ಅದರ ಪಾಲನ್ನೂ ಕಟ್ಟುತ್ತೇವೆ. ಹನ್ನೊಂದು ವರ್ಷ ನಾನು ಅದನ್ನು ಬಾಲ್ಕನಿಯಿಂದ ನೋಡಿದ್ದೆ ಅಷ್ಟೇ. ಬೆಳಗಿನ ಒಂದು ತಾಸನ್ನು ಹೆಂಗಸರಿಗೆಂದೇ ಇಟ್ಟು, ಕಲಿಸಲು ಒಬ್ಬ ಮಹಿಳಾ ಕೋಚ್ ಬರುತ್ತಾರೆ ಅಂತ ನೋಟಿಸ್ ಹಾಕಿದರು. ನಾವು ಐವರು ಸೇರಿದೆವು. ಒಬ್ಬರು ಗುಂಟೂರಿನವರು, ಒಬ್ಬರು ಬಂಗಾಳಿ, ಒಬ್ಬರು ನಾಂದೇಡಿನವರು, ನಾವಿಬ್ಬರು ಕನ್ನಡದವರು. ಮೈತುಂಬ ಮುಚ್ಚುವ ಈಜುಡುಗೆ ಈಗ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಆ ಚಿಂತೆ ಬೇಡ.

ಮೊದಲ ದಿನ ಒದ್ದೆ ತಲೆಯಲ್ಲಿ ಮನೆಗೆ ಬಂದಾಗ ನಮ್ಮ ಅತ್ತೆಯವರು ಪೂಜೆ ಮುಗಿಸಿ ಹೂವಿನ ಬುಟ್ಟಿ ಹಿಡಿದು ನಿಂತಿದ್ದರು. "ಏನವಾ ಇದು, ಮೊಮ್ಮಕ್ಕಳನ್ನ ಆಡಸೋ ವಯಸ್ಸಿನ್ಯಾಗ ನೀನ ನೀರಾಗ ಆಡಾಕ ಹೊಂಟೀಯಲ್ಲ!" ಅಂದರು. "ಅತ್ತಿ, ಮೊಮ್ಮಕ್ಕಳು ನೀರಿಗೆ ಬಿದ್ದರ ತಗೀಲಿಕ್ಕೆ ಒಬ್ಬಾಕಿ ಬೇಕಲ್ಲ" ಅಂದೆ. ಮರುದಿನದಿಂದ ಬಿಸಿ ಚಹಾ ಅವರೇ ಮಾಡಿಡುತ್ತಿದ್ದರು. ಮೂರು ತಿಂಗಳಿಗೆ ಕೊಳದ ಈ ತುದಿಯಿಂದ ಆ ತುದಿಗೆ ನಿಲ್ಲದೆ ಹೋಗುವಷ್ಟು ಕಲಿತೆ. ಅವ್ವನಿಗೆ ಮಾತ್ರ ಹೇಳಲಿಲ್ಲ.

ಮುಂದಿನ ಫೆಬ್ರವರಿಯಲ್ಲಿ ನಾವು ಐವರೂ ಮುರುಡೇಶ್ವರಕ್ಕೆ ಹೊರಟೆವು. ಹುಬ್ಬಳ್ಳಿವರೆಗೆ ರಾತ್ರಿ ರೈಲು, ಅಲ್ಲಿಂದ ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲಾ, ಕುಮಟಾ, ಹೊನ್ನಾವರ. ಮುರುಡೇಶ್ವರ ಎಂದರೆ 123 ಅಡಿಯ ಶಿವನನ್ನು, 20 ಅಂತಸ್ತಿನ ರಾಜಗೋಪುರವನ್ನು ನೋಡಿ ಬರುತ್ತೇವೆ. ಅಲ್ಲಿಂದ ಸುಮಾರು ಹತ್ತು ನಾಟಿಕಲ್ ಮೈಲಿ, ಅಂದರೆ ಹತ್ತೊಂಬತ್ತು ಕಿಲೋಮೀಟರು ಕಡಲಿನೊಳಗೆ ನೇತ್ರಾಣಿ ಎಂಬ ದ್ವೀಪ ಇದೆ. ಪಾರಿವಾಳದ ಗುಡ್ಡ ಅಂತಲೂ ಕರೆಯುತ್ತಾರೆ. 2022ರಲ್ಲಿ ಬಂದ ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' ನೋಡಿದವರಿಗೆ ಅವರು ಅಲ್ಲಿ ನೀರಿಗಿಳಿದದ್ದು ನೆನಪಿರಬಹುದು. ಕರ್ನಾಟಕದಲ್ಲಿ ಹವಳದ ನಡುವೆ ಸ್ಕೂಬಾ ಡೈವಿಂಗ್ ಮಾಡಲು ಹೆಸರಾದ ಜಾಗ ಇದು. ಮಳೆಗಾಲದಲ್ಲಿ ಬೋಟು ಹೋಗುವುದಿಲ್ಲ. ಮಳೆ ನಿಂತು ಕಡಲು ತಿಳಿಯಾದ ಮೇಲೆ, ಸುಮಾರು ಅಕ್ಟೋಬರಿನಿಂದ ಮೇವರೆಗೆ ಅವಕಾಶ.

ಬೋಟಿನಲ್ಲಿ ಒಂದು ತಾಸಿಗೂ ಹೆಚ್ಚು ಪಯಣ. ದ್ವೀಪ ಕಂಡಾಗ ಮರಳಿನ ದಂಡೆ ಹುಡುಕಬೇಡಿ. ಸುತ್ತಲೂ ಕಡಿದಾದ ಬಂಡೆ, ಮೇಲೆ ದಟ್ಟ ಹಸಿರು. ಬಿಳಿ ಹೊಟ್ಟೆಯ ಕಡಲ ಹದ್ದು ತಲೆಯ ಮೇಲೆ ಸುತ್ತುತ್ತಿತ್ತು. ಹಿಂದೆ ನೌಕಾಪಡೆಯವರು ಈ ಬಂಡೆಗಳನ್ನು ಗುಂಡಿನ ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದರು. ನಮ್ಮನ್ನು ದ್ವೀಪದ ಮೇಲೆ ಇಳಿಸುವುದಿಲ್ಲ, ಬೋಟಿನಿಂದ ನೇರ ನೀರಿಗೆ.

ಡೈವಿಂಗ್ ಎಂದರೆ ಏನು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿ ಬರೀ ಆಕ್ಸಿಜನ್ ಇರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಇಲ್ಲ. ನಾವು ಈಗ ಉಸಿರಾಡುತ್ತಿರುವ ಇದೇ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಬಾಯಲ್ಲಿ ಕಚ್ಚಿಕೊಳ್ಳುವ ರೆಗ್ಯುಲೇಟರ್ ಮೂಲಕ ಬಾಯಿಂದಲೇ ಉಸಿರಾಟ. ಪ್ರತಿ ಹತ್ತು ಮೀಟರ್ ಆಳಕ್ಕೆ ಮೇಲಿನ ಇಡೀ ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಹತ್ತು ಮೀಟರಿಗೆ ಇಳಿದರೆ ಒತ್ತಡ ಎರಡರಷ್ಟು. ಹಾಗಾಗಿ ವಿಮಾನ ಇಳಿಯುವಾಗಿನಂತೆ ಕಿವಿ ನೋಯುತ್ತದೆ. ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ ಕಿವಿ ಬಿಡಿಸಿಕೊಳ್ಳುತ್ತಾ ಇಳಿಯಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ ಒಂದೇ: ಉಸಿರು ಕಟ್ಟಬಾರದು. ಉಸಿರು ಹಿಡಿದು ಮೇಲೆ ಬಂದರೆ ಒತ್ತಡ ಇಳಿದ ಹಾಗೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ. ನೀರಿನಲ್ಲಿ ಮಾತಿಲ್ಲ, ಕೈಸನ್ನೆ ಮಾತ್ರ. ಹೆಬ್ಬೆರಳು ಎತ್ತಿದರೆ "ಚೆನ್ನಾಗಿದೆ" ಅಂತಲ್ಲ, "ಮೇಲೆ ಹೋಗೋಣ" ಅಂತ. ಹೆಬ್ಬೆರಳು, ತೋರುಬೆರಳು ಕೂಡಿಸಿ ಸುತ್ತು ಮಾಡಿದರೆ ಎಲ್ಲ ಸರಿ ಇದೆ ಅಂತ.

ಮೊದಲ ಸಲ ಎರಡು ಮೀಟರ್ ಇಳಿಯುತ್ತಲೇ ನನಗೆ ಎದೆ ಹಾರಿತು. ಕೌದಿಯ ನೆನಪಾಯಿತು. ಹೆಬ್ಬೆರಳು ಎತ್ತಿದೆ. ಜೊತೆಗಿದ್ದ ತರಬೇತುದಾರ ಅದೇ ಕರಾವಳಿಯ ಹುಡುಗ, ನನ್ನ ಮಗನ ವಯಸ್ಸು. ಮರುಮಾತಿಲ್ಲದೆ ಮೇಲೆ ಕರೆತಂದ. "ಅಮ್ಮಾ, ಸಾಕು ಅನಿಸಿದರೆ ಸಾಕು. ಇನ್ನೊಂದು ಸಲ ಅನಿಸಿದರೆ ನಾನಿದ್ದೇನೆ" ಅಂದ. ಹಗ್ಗ ಹಿಡಿದುಕೊಂಡು ಐದು ನಿಮಿಷ ಬರೀ ಉಸಿರಾಡಿದೆ. ಈಜು ಬರುವುದರಿಂದ ನನಗಾದ ಉಪಕಾರ ಇದೇ. ಮೇಲ್ಮೈಯಲ್ಲಿ ಹೆದರಿಕೆ ಇರಲಿಲ್ಲ, ಹಾಗಾಗಿ ಯೋಚಿಸಲು ಸಮಯ ಸಿಕ್ಕಿತು. ಈಜು ಬಾರದವರನ್ನೂ ತರಬೇತುದಾರರು ಕೈ ಹಿಡಿದು ಕರೆದೊಯ್ಯುತ್ತಾರೆ, ನಿಜ. ಆದರೂ ಮೊದಲು ಈಜು ಕಲಿಯಿರಿ ಅಂತಲೇ ನಾನು ಹೇಳುತ್ತೇನೆ.

ಎರಡನೆಯ ಸಲ ಎಂಟು ಮೀಟರಿನವರೆಗೆ ಹೋದೆ. ಅಲ್ಲಿ ನಿಶ್ಶಬ್ದ ಇರುತ್ತದೆ ಅಂದುಕೊಂಡಿದ್ದೆ. ಇಲ್ಲ, ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು. ಚಿಕ್ಕ ಸೀಗಡಿಗಳು ಕೊಂಡಿ ಬಡಿಯುವ ಸದ್ದಂತೆ ಅದು. ನೀರು ಮೊದಲು ಕೆಂಪು ಬಣ್ಣವನ್ನು ನುಂಗುತ್ತದೆ, ಹಾಗಾಗಿ ನನ್ನ ಉಗುರಿನ ಕೆಂಪು ಬಣ್ಣ ಕಂದಾಗಿ ಕಂಡಿತು. ಗಿಳಿಯ ಕೊಕ್ಕಿನಂಥ ಬಾಯಿಯ ಗಿಳಿಮೀನುಗಳು ಹವಳದ ಬಂಡೆಯನ್ನು ಕೆರೆದು ಪಾಚಿ ತಿನ್ನುತ್ತಿದ್ದವು. ಅವು ಕೆರೆದ ಸುಣ್ಣದ ಕಲ್ಲು ಹೊಟ್ಟೆಯಲ್ಲಿ ಅರೆದು ಮರಳಾಗಿ ಹೊರಬರುತ್ತದೆ. ಉಷ್ಣವಲಯದ ಎಷ್ಟೋ ದ್ವೀಪಗಳಲ್ಲಿ ನಾವು ಮೆಚ್ಚುವ ಬಿಳಿ ಮರಳಿನ ದೊಡ್ಡ ಪಾಲು ಹೀಗೆ ಆದದ್ದು.

ಸಂಜೆ ಅವ್ವನಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಬಹಳ ಹೊತ್ತು ಮಾತಾಡಲಿಲ್ಲ. ಬೈಯುತ್ತಾಳೆ ಅಂದುಕೊಂಡೆ. ಆಮೇಲೆ ಕೇಳಿದಳು: "ಕೆಳಗ ಕಣ್ಣ ಬಿಟ್ಟರ ಕಾಣಸ್ತದೇನು?" ನಾನು ಕಂಡದ್ದನ್ನೆಲ್ಲ ಹೇಳಿದೆ. "ಹಂಗಾರ ಕತ್ತಲಿ ಇರಂಗಿಲ್ಲ" ಅಂದಳು. ಅರವತ್ತೇಳು ವರ್ಷ ಅವಳು ತನ್ನ ಅಕ್ಕನನ್ನು ಕತ್ತಲಲ್ಲಿ ಕಾಣುತ್ತಿದ್ದಳೆಂದು ನನಗೆ ಆಗ ತಿಳಿಯಿತು. ನಮ್ಮೂರ ಕೆರೆಯ ಕೆಸರು ನೀರಿನಲ್ಲಿ ಏನೂ ಕಾಣುವುದಿಲ್ಲ ಎನ್ನುವ ಮಾತನ್ನು ನಾನು ಆಡಲಿಲ್ಲ.

ಅದರ ಮುಂದಿನ ಚಳಿಗಾಲದಲ್ಲಿ ಅಂಡಮಾನಿಗೆ ಹೋದೆವು. ಹೆಸರುಗಳು ಬದಲಾಗಿವೆ, ಟಿಕೆಟ್ ಮಾಡುವಾಗ ಗೊಂದಲ ಬೇಡ. ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ, ನೀಲ್ ದ್ವೀಪ ಶಹೀದ್ ದ್ವೀಪ, ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಪೂರ್ವದವನು. ಡಿಸೆಂಬರಿನಲ್ಲಿ ಸಂಜೆ ಐದೂಕಾಲರ ಹೊತ್ತಿಗೆಲ್ಲ ಮುಳುಗುತ್ತಾನೆ. ಕಾಡು ಸುತ್ತುವ ಕಾರ್ಯಕ್ರಮವನ್ನು ಬೆಳಿಗ್ಗೆಗೇ ಇಟ್ಟುಕೊಳ್ಳಿ.

ಸ್ವರಾಜ್ ದ್ವೀಪದಲ್ಲಿ ಎಲಿಫೆಂಟ್ ಬೀಚಿಗೆ ಬೋಟಿನಲ್ಲೂ ಹೋಗಬಹುದು, ಕಾಡಿನ ದಾರಿಯಲ್ಲಿ ನಡೆದೂ ಹೋಗಬಹುದು. ನಾವು ನಡೆದೆವು. ಹಿಂದೆ ಇಲ್ಲಿ ಮರದ ದಿಮ್ಮಿ ಎಳೆಯಲು ಆನೆಗಳನ್ನು ತಂದಿದ್ದರು, ಆ ಹೆಸರು ಅದರಿಂದ. ಬೇರುಗಳು ಮೆಟ್ಟಿಲಿನಂತೆ ಹೆಣೆದ ಜಾರು ದಾರಿ, ಪಡೌಕ್ ಮರಗಳ ನೆರಳು, ಬಟ್ಟೆ ಹಿಂಡಬೇಕಾದಷ್ಟು ಬೆವರು. ಕೊನೆಯಲ್ಲಿ ಕೆಸರು, ಅದರಾಚೆ ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುವ ಮ್ಯಾಂಗ್ರೋವ್ ಗಿಡಗಳು. ದಡದಲ್ಲಿ ಬುಡ ಕಿತ್ತು ಬಿದ್ದ ದೊಡ್ಡ ಮರಗಳಿದ್ದವು. 2004ರ ಡಿಸೆಂಬರ್ 26ರ ಸುನಾಮಿಯ ಹೊತ್ತಿನವು ಎಂದರು ಜೊತೆಗೆ ಬಂದವರು. ಕಾಂಡ್ಲಾ ಗಿಡಗಳ ನಡುವೆ ಉಪ್ಪುನೀರಿನ ಮೊಸಳೆ ಇರಬಹುದಾದ ಕಡೆ ಫಲಕ ಹಾಕಿರುತ್ತಾರೆ. ಅದನ್ನು ಓದಿ ದಾಟುವುದು ಧೈರ್ಯವಲ್ಲ.

ರಾಧಾನಗರದ ಕಡಲ ದಂಡೆ ನೋಡಿ ನಮ್ಮ ಗುಂಪಿನವರು "ಇಂಥದ್ದು ನಮ್ಮಲ್ಲಿ ಎಲ್ಲಿ ಬರಬೇಕು" ಅಂದರು. ನಾನು ಹೇಳಿದೆ: 2020ರಲ್ಲಿ ಭಾರತದ ಎಂಟು ದಂಡೆಗಳಿಗೆ ಸ್ವಚ್ಛತೆ, ಸುರಕ್ಷತೆಯ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಒಂದು ರಾಧಾನಗರ, ಎರಡು ಕರ್ನಾಟಕದವು: ಹೊನ್ನಾವರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ. ಇನ್ನೊಂದು ವಿಷಯ, ಲಕ್ಷದ್ವೀಪದ ಉತ್ತರದ ಅಮಿನಿ, ಕಡಮತ್ ಮುಂತಾದ ದ್ವೀಪಗಳು 1956ರವರೆಗೆ ಮಂಗಳೂರಿನ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪಗಳು ನಮಗೆ ಪರಕೀಯವೇನಲ್ಲ.

ಈಗ ಹವಳದ ಮಾತು. ನಮ್ಮಲ್ಲಿ ಕೆಲವರ ತಾಳಿಸರದಲ್ಲಿ ಕೆಂಪು ಹವಳ ಇದೆ. ಅದು ಬೇರೆ ಜಾತಿ, ಬಹುಮಟ್ಟಿಗೆ ಮೆಡಿಟರೇನಿಯನ್ ಕಡಲಿನದು. ದ್ವೀಪ ಕಟ್ಟುವ ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ, ಗುಂಪಾಗಿ ಬಾಳುವ ಪುಟ್ಟ ಪ್ರಾಣಿಗಳು. ಅವುಗಳ ಮೈಯೊಳಗೆ ಪಾಚಿ ವಾಸವಾಗಿರುತ್ತದೆ. ಬಿಸಿಲಿನಿಂದ ಅಡುಗೆ ಮಾಡುವುದು ಪಾಚಿ, ಮನೆ ಕೊಡುವುದು ಹವಳ. ಕಡಲು ಬೇಸಿಗೆಯ ವಾಡಿಕೆಗಿಂತ ಒಂದು ಡಿಗ್ರಿಯಷ್ಟು ಬಿಸಿಯಾಗಿ ವಾರಗಟ್ಟಲೆ ಹಾಗೇ ಉಳಿದರೆ ಹವಳ ಆ ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗಾಗುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. ಅಂಡಮಾನಿನಲ್ಲಿ 1998, 2010, 2016ರಲ್ಲಿ ಹೀಗೆ ದೊಡ್ಡ ಪ್ರಮಾಣದಲ್ಲಿ ಆಯಿತು. ನಾವು ಇಳಿದಲ್ಲಿ ಒಂದು ಕಡೆ ಬಣ್ಣದ ಸಂತೆ, ಹತ್ತು ಮಾರು ದಾಟಿದರೆ ಬೂದು ಬಣ್ಣದ ಮುರುಕು ರಾಶಿ. ಒಂದೂ ಮೀನಿಲ್ಲ. ಖಾಲಿ ಮಾಡಿದ ಓಣಿಯ ಹಾಗೆ.

ಹಾಗಾಗಿ ಹೋದವರು ಇಷ್ಟಾದರೂ ಮಾಡೋಣ. ಹವಳದ ಮೇಲೆ ಕಾಲಿಡಬಾರದು, ಕೈ ಮುಟ್ಟಿಸಬಾರದು. ಮೀನಿಗೆ ಬಿಸ್ಕತ್ತು ಹಾಕಬಾರದು. ಸತ್ತ ಹವಳದ ಚೂರನ್ನೂ ತರಬಾರದು, ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಸನ್‌ಸ್ಕ್ರೀನ್ ಮೆತ್ತಿಕೊಳ್ಳುವ ಬದಲು ತುಂಬುತೋಳಿನ ಉಡುಗೆ ಹಾಕಿ. ಜಾರವಾ ಜನರಿರುವ ಕಾಡಿನ ದಾರಿಯಲ್ಲಿ ಹೋಗುವುದಾದರೆ ಫೋಟೋ ತೆಗೆಯಬೇಡಿ. ಅವರು ಪ್ರದರ್ಶನದ ವಸ್ತುಗಳಲ್ಲ.

ಇನ್ನು ಸುರಕ್ಷತೆ. ಇದನ್ನು ಸ್ವಲ್ಪ ಗಂಭೀರವಾಗಿ ಕೇಳಿ. 2019ರ ಜನವರಿಯಲ್ಲಿ ಕಾರವಾರದ ಹತ್ತಿರ ಕೂರ್ಮಗಡದ ಜಾತ್ರೆಗೆ ಹೋಗಿಬರುತ್ತಿದ್ದವರ ಬೋಟು ಮಗುಚಿ ಮಕ್ಕಳು, ಹೆಂಗಸರು ಸೇರಿ ಹಲವರು ತೀರಿಕೊಂಡರು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ಶಾಲಾ ಹುಡುಗಿಯರು ಮುರುಡೇಶ್ವರದ ಅಲೆಗಳಲ್ಲಿ ಜೀವ ಕಳೆದುಕೊಂಡರು. ನಾವು ಡೈವಿಂಗಿಗೆ ಹೋದ ಊರೇ ಅದು. ಈಜು ಬಂದರೆ ಕಡಲು ಸುರಕ್ಷಿತ ಅಂತ ನಾನು ಹೇಳುವುದಿಲ್ಲ, ಕೊಳದ ಈಜಿಗೂ ಕಡಲಿಗೂ ವ್ಯತ್ಯಾಸ ಬಹಳ. ಲೈಫ್ ಜಾಕೆಟ್ ಇಲ್ಲದ ಬೋಟು ಹತ್ತಬೇಡಿ. ಜಾಕೆಟ್ ಇದ್ದರೆ ಸೀಟಿನ ಕೆಳಗಲ್ಲ, ಮೈಮೇಲೆ ಇರಲಿ. ಕೆಂಪು ಬಾವುಟ ಇದ್ದ ಕಡೆ ಇಳಿಯಬೇಡಿ. ನೀರು ಒಳಗೆ ಎಳೆಯುತ್ತಿದೆ ಅನಿಸಿದರೆ ಅದರ ಎದುರಿಗೆ ಹೋರಾಡಬೇಡಿ, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಆ ಎಳೆತದಿಂದ ಹೊರಬನ್ನಿ.

ಡೈವಿಂಗಿಗೆ ಮೊದಲು ಆರೋಗ್ಯದ ಫಾರಂ ಕೊಡುತ್ತಾರೆ. ಆಸ್ತಮಾ, ಹೃದಯದ ತೊಂದರೆ, ಕಿವಿಯ ಆಪರೇಷನ್, ಬಿ.ಪಿ., ಏನಿದ್ದರೂ ಮುಚ್ಚಿಡದೆ ಬರೆಯಿರಿ, ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ. ಬಸುರಿಯರು ಡೈವಿಂಗ್ ಮಾಡಬಾರದು. ಮುಟ್ಟಿನ ದಿನಗಳಲ್ಲಿ ಮಾಡಬಹುದೇ ಅಂತ ನಮ್ಮಲ್ಲಿ ಎಲ್ಲರೂ ಕಿವಿಯಲ್ಲಿ ಕೇಳುತ್ತಾರೆ, ನಾನು ಗಟ್ಟಿಯಾಗಿ ಹೇಳುತ್ತೇನೆ: ಮೈ ಸರಿ ಇದ್ದರೆ ಮಾಡಬಹುದು. ನೆಗಡಿ ಇದ್ದರೆ ಮಾತ್ರ ಬೇಡ, ಕಿವಿ ಬಿಡುವುದಿಲ್ಲ. ಡೈವಿಂಗ್ ಆದ ಮೇಲೆ ಹದಿನೆಂಟು ತಾಸಾದರೂ ವಿಮಾನ ಹತ್ತಬೇಡಿ. ಒತ್ತಡದಲ್ಲಿ ಮೈಯೊಳಗೆ ಕರಗಿದ ನೈಟ್ರೋಜನ್ ಮೆಲ್ಲಗೆ ಹೊರಹೋಗಬೇಕು. ಆದ್ದರಿಂದ ಡೈವಿಂಗನ್ನು ಪ್ರವಾಸದ ಮೊದಲಿಗೆ, ಕಾಡು ಮತ್ತು ಸೆಲ್ಯುಲರ್ ಜೈಲನ್ನು ಕೊನೆಗೆ ಇಟ್ಟುಕೊಳ್ಳಿ.

ಎಲ್ಲರೂ ಅಂಡಮಾನಿಗೆ ಹೋಗಬೇಕಾಗಿಲ್ಲ. ಕುಮಟಾದಿಂದ ಗೋಕರ್ಣದವರೆಗೆ ಕಡಲ ಪಕ್ಕದಲ್ಲೇ ನಡೆಯುವ ದಾರಿ ಇದೆ. ನಡುವೆ ಅಘನಾಶಿನಿಯನ್ನು ದೋಣಿಯಲ್ಲಿ ದಾಟಿ ತದಡಿಗೆ, ಆಮೇಲೆ ಗುಡ್ಡ ಹತ್ತಿ ಇಳಿದು ಓಂ, ಕುಡ್ಲೆ ದಂಡೆಗಳು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಮಕ್ಕಳಿಗೆ ಕಂಬ ಕಂಬದಂತೆ ನಿಂತ ಲಾವಾ ಬಂಡೆ ತೋರಿಸಿ. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಬಂಡೆ ಅದು.

ಕೊನೆಯದಾಗಿ ನನ್ನ ಒಂದು ಕೋರಿಕೆ. ನಮ್ಮ ವೇದಿಕೆಯಲ್ಲಿ ರಂಗೋಲಿ, ಹಾಡು, ಅಡುಗೆ ಸ್ಪರ್ಧೆಗಳೆಲ್ಲ ಚೆನ್ನಾಗಿ ನಡೆಯುತ್ತಿವೆ, ನಡೆಯಲಿ. ಅದರ ಜೊತೆಗೆ ಬರುವ ಮಾರ್ಚಿನಿಂದ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಈಜಿನ ತರಗತಿ ಶುರು ಮಾಡೋಣ. ನಮ್ಮ ಅಪಾರ್ಟ್‌ಮೆಂಟಿನ ಸಮಿತಿಯವರ ಜೊತೆ ಮಾತಾಡಿದ್ದೇನೆ, ಒಪ್ಪಿದ್ದಾರೆ. ಕೋಚ್ ಕೂಡ ಒಪ್ಪಿದ್ದಾರೆ. ಮನೆಯಲ್ಲಿ ಕೆಲಸಕ್ಕೆ ಬರುವವರ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳಬೇಕೆಂಬುದು ನನ್ನ ಆಸೆ. ಅವರಲ್ಲಿ ಎಷ್ಟೋ ಮಂದಿ ಬೇಸಿಗೆ ರಜೆಗೆ ಹೋಗುವುದು ಕೆರೆ, ಕಾಲುವೆ ಇರುವ ಊರಿಗೆ. ಈಜು ಅವರಿಗೆ ನಮಗಿಂತ ಮೊದಲು ಬೇಕು.

ಬಾಗಿಲ ಬಳಿಯ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಚಹಾ ಕುಡಿಯಲು ಹೋಗುವಾಗ ಹೆಸರು, ವಯಸ್ಸು, ಬೆಳಗಿನ ಯಾವ ಹೊತ್ತು ಅನುಕೂಲ ಅಂತ ಬರೆಯಿರಿ. ಮೊದಲ ಸಾಲಿನಲ್ಲಿ ಎಪ್ಪತ್ತೆಂಟು ವರ್ಷದವರೊಬ್ಬರ ಹೆಸರು ಈಗಾಗಲೇ ಇದೆ, "ಕಾಲು ಮಾತ್ರ ಇಳಿಬಿಡತೀನಿ" ಎಂಬ ಶರತ್ತಿನ ಮೇಲೆ. ಅವರು ನಮ್ಮ ಅತ್ತೆಯವರು. ನೀವೆಲ್ಲ ಅವರಿಗಿಂತ ಚಿಕ್ಕವರು, ನೆಪ ಹೇಳಬೇಡಿ.